ಕುಂದಾಪುರದ ಕೋಡಿ: ಮರಳಿಗಾಗಿ ಹೋಗಬೇಕಾದ ಕಡಲತೀರ

ನೀರಿಗಿಳಿದು ಆಡಬೇಕೆನ್ನುವವರಿಗೆ ಕೋಡಿ ಹೇಳಿದ ಜಾಗವಲ್ಲ. ಪಂಚಗಂಗಾವಳಿಯ ಅಳಿವೆ ಪಕ್ಕದಲ್ಲೇ ಇದೆ. ಇಳಿತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ರಭಸವಾಗಿ ಎಳೆಯುತ್ತದೆ. ಸ್ನಾನಕ್ಕಾದರೆ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಪಡುಬಿದ್ರಿಯೇ ಸರಿ. ಕೋಡಿಗೆ ಬರಬೇಕಾದ್ದು ಮರಳಿಗಾಗಿ, ಅದನ್ನೇ ನಂಬಿ ಬದುಕುವ ಜೀವಗಳಿಗಾಗಿ.

ಭರತ-ಇಳಿತದ ಸಮಯ ಮೊದಲೇ ನೋಡಿ, ಬೆಳಿಗ್ಗೆ ಇಳಿತವಿರುವ ದಿನ ಆರಿಸಿ, ಆರೂವರೆಯೊಳಗೆ ಮುಟ್ಟಿ. ಆಗ ಒದ್ದೆ ಮರಳು ಗಟ್ಟಿಯಾಗಿ ನಡೆಯಲು ಸುಲಭ. ಭರತ ಏರಿದರೆ ಜನ ದಿಬ್ಬ ಹತ್ತುತ್ತಾರೆ, ಹಾಳಾಗುವುದು ಅಲ್ಲೇ. ದಿಬ್ಬವನ್ನು ಹಿಡಿದಿಟ್ಟಿರುವುದು ಮುಳ್ಳುಮುಳ್ಳಾದ ರಾವಣನ ಮೀಸೆ ಹುಲ್ಲು ಮತ್ತು ನೇರಳೆ ಹೂವಿನ ಅಡುಂಬು ಬಳ್ಳಿ. ಗಾಳಿ ತಂದ ಮರಳು ಇವುಗಳ ಬುಡದಲ್ಲಿ ತಡೆದು ನಿಲ್ಲುತ್ತದೆ. ಬಳ್ಳಿ ತುಳಿದು ಸತ್ತರೆ ಅದೇ ಗಾಳಿ ಮರಳನ್ನು ಹೊತ್ತೊಯ್ಯುತ್ತದೆ.

ಮರಳಿನಲ್ಲಿ ಏಡಿಯ ಬಿಲಗಳನ್ನೂ ನೋಡಿ: ಬಿಲದ ಬಾಯಿಂದ ಒಂದೇ ಪಕ್ಕಕ್ಕೆ ಹಸಿ ಮರಳು ಎರಚಿದ್ದರೆ ಏಡಿ ಈಗಷ್ಟೇ ಅಗೆದಿದೆ ಎಂದರ್ಥ. ಹತ್ತು ಹೆಜ್ಜೆ ದೂರದಲ್ಲಿ ಅಲುಗಾಡದೆ ಕೂತರೆ ಮೊದಲು ಕಣ್ಣಿನ ಎರಡು ಕಡ್ಡಿಗಳು ಮೇಲೆ ಬರುತ್ತವೆ.

ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಕಡಲಾಮೆಗಳ ಕಾಲ. 2024ರಲ್ಲಿ ಇಲ್ಲಿ ಆಲಿವ್ ರಿಡ್ಲೆಗಳು ಮೊಟ್ಟೆಯಿಟ್ಟಾಗ ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಕಟ್ಟಿ ಕಾದಿತ್ತು. ಈ ಆಮೆಯ ಜಾಡಿನಲ್ಲಿ ಎಡ-ಬಲದ ಗುರುತುಗಳು ಜೋಡಿಯಾಗಿರದೆ ಒಂದಾದ ಮೇಲೊಂದು ಬರುತ್ತವೆ. ಗೂಡೊಂದರಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಮೊಟ್ಟೆ ಇರುವುದು ಮೊಣಕೈ ಉದ್ದದಷ್ಟೇ ಆಳದಲ್ಲಿ; ಮೇಲೆ ಜೀಪು ಓಡಿಸಿದರೆ ಮರಳು ಬಿಗಿದು ಮರಿ ಹೊರಬರಲಾರದು. ಮರಿಗಳು ಬೆಳಕಿದ್ದ ಕಡೆ ಹರಿಯುತ್ತವೆ; ರಾತ್ರಿ ಮೊಬೈಲ್ ಟಾರ್ಚ್ ಹಾಕಿದರೆ ಕಡಲು ಬಿಟ್ಟು ರಸ್ತೆಯ ಕಡೆ ತಿರುಗುತ್ತವೆ. ದಯವಿಟ್ಟು ಹಾಕಬೇಡಿ. ಜಾಡು ಕಂಡರೆ ಅಳಿಸದೆ, ಅಗೆಯದೆ ಅರಣ್ಯ ಇಲಾಖೆಗೆ ತಿಳಿಸಿ.

ಕಡಲಿಗೆ ಚಾಚಿದ ಕಾಲುದಾರಿ ‘ಸೀ ವಾಕ್’ ಚೆನ್ನಾಗಿದೆ, ಎದುರಿಗೆ ಗಂಗೊಳ್ಳಿಯ ದೋಣಿಗಳು ಕಾಣುತ್ತವೆ. ಬದಿಯ ಕಲ್ಲುಗಳಿಗೆ ಮಾತ್ರ ಇಳಿಯಬೇಡಿ, ಪಾಚಿ ಜಾರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇತ್ತ ಬರುವುದೇ ಬೇಡ.

ತೀರದಲ್ಲಿ ನೆರಳು ಕಡಿಮೆ. ತಲೆಗೆ ಟೊಪ್ಪಿ, ತಲಾ ಒಂದು ಲೀಟರ್ ನೀರು ಇರಲಿ. ಕುಂದಾಪುರ ಪೇಟೆಯಿಂದ ರಿಕ್ಷಾದಲ್ಲಿ ಬಂದರೆ ವಾಪಸು ಹೋಗುವ ಹೊತ್ತನ್ನು ಇಳಿಯುವಾಗಲೇ ಮಾತಾಡಿಕೊಳ್ಳಿ, ಬೆಳಿಗ್ಗೆ ಅಲ್ಲಿ ಖಾಲಿ ರಿಕ್ಷಾ ಸಿಗುವುದು ಕಷ್ಟ.