ಮರ್ಫಿ ಪುಸ್ತಕವೂ ಮೂರು ದಿನದ ಜ್ವರವೂ

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನಾನು ಸ್ಟಾಫ್ ನರ್ಸ್, 11 ವರ್ಷ ಆಯಿತು. ಬ್ರಿಟನ್ನಿಗೆ ಹೋಗೋಣ ಅಂತ ಒಇಟಿ ಬರೆದೆ, ನರ್ಸು-ಡಾಕ್ಟರಂಥವರಿಗೆ ಇರುವ ಇಂಗ್ಲಿಷ್ ಪರೀಕ್ಷೆ ಅದು. ಬೇರೆಲ್ಲ ದಾಟಿತು, ರೈಟಿಂಗ್‌ನಲ್ಲಿ ಬೇಕಾದ ಗ್ರೇಡ್ ಬರಲಿಲ್ಲ. ರೋಗಿಯ ಕೇಸ್ ನೋಟ್ಸ್ ಓದೋಕೆ 5 ನಿಮಿಷ, ಅದನ್ನು ಪತ್ರ ಮಾಡೋಕೆ 40 ನಿಮಿಷ. ದಿನಾ ಮಾಡುವ ಕೆಲಸವೇ ಅದು, ಅದಕ್ಕೇ ಉರಿ. ಆಮೇಲೆ ಅಭ್ಯಾಸದ ಪತ್ರಗಳನ್ನು ತಿದ್ದಿಸಿಕೊಂಡಾಗ ಗೊತ್ತಾಯಿತು: ರೋಗದ ವಿಷಯದಲ್ಲಿ ನಾನು ಎಲ್ಲೂ ಎಡವಿಲ್ಲ. ಎಡವಿದ್ದೆಲ್ಲ ಸಿನ್ಸ್, ಹ್ಯಾಡ್, ದಿ ಅನ್ನೋ ಪುಡಿ ಪದಗಳಲ್ಲಿ.

ನಮ್ಮ ವಾರ್ಡಿನ ಮಲಯಾಳಿ ಸಿಸ್ಟರ್ ಅಂದಳು, "ಮರ್ಫಿ ಮಾಡು." ಓದು ಅನ್ನಲಿಲ್ಲ, ಮಾಡು ಅಂದಳು. ಆ ವ್ಯತ್ಯಾಸ ಪುಸ್ತಕ ಬಿಚ್ಚಿದ ಮೇಲೆ ತಿಳಿಯಿತು. ರೇಮಂಡ್ ಮರ್ಫಿ ಬರೆದ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್', ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ಸಿನದು, ಮೊದಲು ಬಂದದ್ದು 1985ರಲ್ಲಿ. ನನ್ನ ಹತ್ತಿರ ಇರುವುದು 2019ರ ಐದನೇ ಆವೃತ್ತಿ. ಒಟ್ಟು 145 ಪಾಠ, ಒಂದೊಂದಕ್ಕೂ ಎದುರುಬದುರು ಎರಡೇ ಪುಟ. ಎಡಕ್ಕೆ ವಿವರಣೆ, ಬಲಕ್ಕೆ ಅಭ್ಯಾಸ. ಎಡಪುಟ ಓದಿ "ಅಯ್ಯೋ ಇಷ್ಟೇನಾ" ಅಂದುಕೊಂಡವರ ಸೊಕ್ಕು ಬಲಪುಟದಲ್ಲಿ ಇಳಿಯುತ್ತದೆ. ನೈಟ್ ಡ್ಯೂಟಿಯಲ್ಲಿ ಎರಡು ಗಂಟೆಯ ಸುತ್ತು ಮುಗಿಸಿ ಕೂತರೆ ಒಂದು ಪಾಠ ಆರಾಮಾಗಿ ಆಗುತ್ತದೆ. ಬೆಲ್ ಹೊಡೆದರೆ ಅರ್ಧಕ್ಕೇ ಎದ್ದು ಹೋಗಿಬಂದರೂ ಎಳೆ ತಪ್ಪುವುದಿಲ್ಲ. ನನ್ನಂಥವರಿಗೆ ಅದೇ ದೊಡ್ಡದು.

ನನಗೆ ಪುಸ್ತಕದ ಬೆಲೆ ಅಷ್ಟೂ ವಸೂಲಾಗಿದ್ದು 12ನೇ ಪಾಠದಲ್ಲಿ, ಫಾರ್ ಮತ್ತು ಸಿನ್ಸ್. ಮಗುವನ್ನು ಎತ್ತಿಕೊಂಡು ಬಂದ ಅಜ್ಜಿ "ಮೂರು ದಿನದಿಂದ ಜ್ವರ ಐತೆ ಸಿಸ್ಟರ್" ಅನ್ನುತ್ತಾಳೆ. ನಾವು ಕೇಸ್ ಶೀಟಿನಲ್ಲಿ "ಫೀವರ್ ಸಿನ್ಸ್ 3 ಡೇಸ್" ಅಂತ ಇಳಿಸುತ್ತೇವೆ. ಸೋಮವಾರದಿಂದ ಜ್ವರ ಅಂದರೂ 'ಇಂದ', ಮೂರು ದಿನದಿಂದ ಅಂದರೂ 'ಇಂದ'. ಕನ್ನಡಕ್ಕೆ ಒಂದೇ ಬಾಲ ಸಾಕು. ಇಂಗ್ಲಿಷಿಗೆ ಸಾಲದು: ಶುರುವಾದ ಗಳಿಗೆ ಹೇಳಿದರೆ ಸಿನ್ಸ್, ಎಷ್ಟು ಹೊತ್ತು ಅಂತ ಅಳತೆ ಹೇಳಿದರೆ ಫಾರ್. ಸಿನ್ಸ್ ಮಂಡೇ, ಫಾರ್ ತ್ರೀ ಡೇಸ್. ಅದರ ಜೊತೆಗೆ "ಈಸ್ ಹ್ಯಾವಿಂಗ್" ಕೂಡ ಹೋಗಬೇಕು, "ಹ್ಯಾಸ್ ಹ್ಯಾಡ್" ಬರಬೇಕು. 11 ವರ್ಷದಲ್ಲಿ ಎಷ್ಟು ಸಾವಿರ ಶೀಟಿನಲ್ಲಿ ತಪ್ಪು ಬರೆದಿದ್ದೇನೋ, ದೇವರೇ ಬಲ್ಲ.

ಈಗ ಕೊರತೆ. ನಾವು ಯಾಕೆ ತಪ್ಪುತ್ತೇವೆ ಅನ್ನುವುದು ಈ ಪುಸ್ತಕದಲ್ಲಿ ಸಿಗುವುದಿಲ್ಲ. ಲೋಕದ ಎಲ್ಲ ಭಾಷೆಯವರಿಗೂ ಇಂಗ್ಲಿಷಿನಲ್ಲೇ ಬರೆದದ್ದು, 'ಇಂದ'ದ ಕಥೆ ಅದಕ್ಕೆ ಹೇಗೆ ಗೊತ್ತಿರಬೇಕು? ಆ ಕೆಲಸ ನಾವೇ ಮಾಡಿಕೊಳ್ಳಬೇಕು. ನಾನು ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಬರೆಯುತ್ತಾ ಹೋದೆ. "ನಿನ್ನೆ ರಾತ್ರಿ ಇಂಜೆಕ್ಷನ್ ಕೊಟ್ಟಿದ್ದೆ" ಅನ್ನುವುದು ನಮಗೆ ಸಹಜ, ಹಾಗಾಗಿ ಪಾಳಿ ಬದಲಾಗುವಾಗ ಕೊಡುವ ಹ್ಯಾಂಡೋವರಿನಲ್ಲಿ "ಐ ಹ್ಯಾಡ್ ಗಿವನ್" ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಹ್ಯಾಡ್ ಬರಬೇಕಾದರೆ ಅದರ ನಂತರ ನಡೆದ ಇನ್ನೊಂದು ಸಂಗತಿ ಮಾತಿನಲ್ಲಿರಬೇಕು. ಡಾಕ್ಟರ್ ಬರುವಷ್ಟರಲ್ಲಿ ಕೊಟ್ಟಿದ್ದೆ ಅಂದರೆ ಸರಿ. ಬರೀ ನಿನ್ನೆ ಅಂದರೆ "ಗೇವ್" ಸಾಕು. ಹೀಗೆ ಕನ್ನಡದ ಸಾಲು ಪಕ್ಕದಲ್ಲಿ ಬಿದ್ದ ಪಾಠಗಳು ಮಾತ್ರ ನನ್ನ ತಲೆಯಲ್ಲಿ ನಿಂತಿವೆ.

69ರಿಂದ 81ನೇ ಪಾಠದವರೆಗೆ ಎ, ಆನ್, ದಿ ಮತ್ತು ನಾಮಪದಗಳ ಕಾಡು. ನಮ್ಮ ಭಾಷೆಯಲ್ಲಿ ಇಲ್ಲದ ವಸ್ತು, ಎರಡು ಸಲ ಮಾಡಿದರೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಅದರಲ್ಲೂ ಒಂದು ಕಡೆ ನಗು ಬಂತು. ಬ್ರಿಟಿಷರಲ್ಲಿ ರೋಗಿ "ಇನ್ ಹಾಸ್ಪಿಟಲ್" ಇರುತ್ತಾನೆ, ದಿ ಇಲ್ಲ. ನೋಡಲು ಬಂದ ನೆಂಟರು "ದಿ ಹಾಸ್ಪಿಟಲ್"ಗೆ ಬರುತ್ತಾರೆ. ಕೆಲಸಕ್ಕೆ ಹೋಗುವ ನನಗೂ ದಿ ಬೇಕು. ಅದು ಬಿಟ್ಟುಹೋದ ದಿನ ನಾನೇ ಬೆಡ್ಡಿನಲ್ಲಿ ಮಲಗಿದ್ದೇನೆ ಅಂತ ಅರ್ಥ. ಅಮೆರಿಕದವರು ರೋಗಿಗೂ ದಿ ಹಾಕುತ್ತಾರೆ. ಅಂಥ ಬೇರೆ ಕೆಲವು ವ್ಯತ್ಯಾಸಗಳಿಗೆ ಕೊನೆಯಲ್ಲಿ ಒಂದು ಅನುಬಂಧವೇ ಇದೆ. ಕಡೆಯ ಪಾಠಗಳ ಫ್ರೇಸಲ್ ವರ್ಬ್ಸ್, ಅಂದರೆ ಕ್ರಿಯಾಪದಕ್ಕೆ ಅಪ್, ಔಟ್ ಥರದ ಪದ ಸೇರಿದವು, ನಾನು ಹಾರಿಸಿದೆ, ಔಪಚಾರಿಕ ಪತ್ರಕ್ಕೆ ಅವು ಅಷ್ಟು ಬೇಕಾಗಲಿಲ್ಲ.

ಕಲಿತದ್ದನ್ನು ವಾರ್ಡಿನಲ್ಲೂ ತೋರಿಸೋಣ ಅಂತ ಒಂದು ದಿನ "ಫೀವರ್ ಫಾರ್ 3 ಡೇಸ್" ಅಂತ ಬರೆದೆ. ಡ್ಯೂಟಿಯಲ್ಲಿದ್ದ ಇಂಟರ್ನ್ ಶೀಟ್ ಹಿಡಿದು ಬಂದ. "ಸಿಸ್ಟರ್, ಫಾರ್ ಅಂದ್ರೆ ಇನ್ನು ಮುಂದಿನ ಮೂರು ದಿನಾನಾ?" ಅವನ ತಪ್ಪೇನಿಲ್ಲ. ನಮ್ಮಲ್ಲಿ ಫಾರ್ 3 ಡೇಸ್ ಬರುವುದು ಮಾತ್ರೆಯ ಮುಂದೆ. ಮಾರನೇ ದಿನದಿಂದ ಶೀಟಿನಲ್ಲಿ ಮತ್ತೆ ಸಿನ್ಸ್, ಪತ್ರದಲ್ಲಿ ಫಾರ್.

ಕೊಳ್ಳುವವರಿಗೆ ಒಂದು ಮಾತು. ಉತ್ತರ ಇರುವುದು, ಇಲ್ಲದ್ದು ಅಂತ ಎರಡು ಬಗೆ ಬರುತ್ತದೆ. ನಾನು ಮೊದಲು ತಂದದ್ದು ಬೆಂಗಳೂರಿನ ಅವೆನ್ಯೂ ರೋಡಿನ ಅಂಗಡಿಯೊಂದರಿಂದ, ಹಳೇ ಪ್ರತಿ, ಉತ್ತರ ಇಲ್ಲದ್ದು. "ಒಳಗೆ ಒಂದು ಗೆರೆಯೂ ಇಲ್ಲ ಮೇಡಂ" ಅಂದಿದ್ದ ಪುಣ್ಯಾತ್ಮ. ಮನೆಗೆ ಬಂದು ಬಿಚ್ಚಿದರೆ 40ನೇ ಪಾಠದವರೆಗೆ ಯಾರೋ ನೀಲಿ ಇಂಕಿನಲ್ಲಿ ಎಲ್ಲ ತುಂಬಿದ್ದಾರೆ. ಸರಿಯೇ ಇರಬೇಕು ಅಂತ ಅದನ್ನೇ ನೋಡಿಕೊಂಡು ಒಂದು ತಿಂಗಳು ಕಲಿತೆ. ಅರ್ಧಕ್ಕರ್ಧ ತಪ್ಪು. 12ನೇ ಪಾಠದಲ್ಲಿ ಆ ಮಹರಾಯ ಎಲ್ಲ ಖಾಲಿ ಜಾಗಕ್ಕೂ ಸಿನ್ಸ್ ಹಾಕಿದ್ದ, ನಮ್ಮೂರ ಕಡೆಯವನೇ ಇರಬೇಕು. ಉತ್ತರ ಇರುವುದನ್ನೇ ತಗೊಳ್ಳಿ, ಹೊಸದನ್ನೇ ತಗೊಳ್ಳಿ, ಪೆನ್ಸಿಲಿನಲ್ಲೇ ಬರೆಯಿರಿ.