ಲಿವರ್ ಕ್ಯಾನ್ಸರ್‌ಗೆ ವಿಟಮಿನ್ ಎ ಕ್ಯಾಪ್ಸೂಲ್? ಮಾಲಿಗೆ 4 ಸ್ಟಾರ್, ಕೌಂಟರಿನ ಮಾತಿಗೆ 1 ಸ್ಟಾರ್

ಕಂಕನಾಡಿ ಕಡೆಯ ಒಂದು ಮೆಡಿಕಲ್‌ನಲ್ಲಿ ತಗೊಂಡಿದ್ದು, ಅಂಗಡಿ ಹೆಸರು ಬೇಡ ಬಿಡಿ. 25,000 ಯೂನಿಟ್‌ನ ಕ್ಯಾಪ್ಸೂಲ್. ಮಾಲಲ್ಲಿ ದೋಷ ಇಲ್ಲ. ಸ್ಟ್ರಿಪ್ ಸರಿ ಇತ್ತು, ಎಕ್ಸ್‌ಪೈರಿ ದೂರ ಉಂಟು, ಕೇಳದೆಯೇ ಬಿಲ್ ಕೊಟ್ಟರು.

ತಕರಾರು ಬೇರೆ. ಅಪ್ಪನಿಗೆ ಫ್ಯಾಟಿ ಲಿವರ್ ಅಂದಿದ್ದೇ ತಡ, "ಇದು ಲಿವರ್ ಕ್ಯಾನ್ಸರ್ ಸೆಲ್ಲನ್ನೇ ಕೊಲ್ತದೆ ಸರ್, ರಿಸರ್ಚ್ ಆಗಿ ಉಂಟು, ದಿನಾ ಒಂದು ಕೊಡಿ" ಅಂದ್ರು. ಚೀಟಿ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ.

ರಿಸರ್ಚ್ ಆಗಿರೋದು ಸುಳ್ಳಲ್ಲ ಮಾರಾಯ್ರೆ. ಹೆಪ್‌ಜಿ2, ಹೆಪ್3ಬಿ ಅಂತ ಲ್ಯಾಬಲ್ಲಿ ಬೆಳೆಸುವ ಲಿವರ್ ಕ್ಯಾನ್ಸರ್ ಕೋಶಗಳಿವೆ. ಅವುಗಳ ಮೇಲೆ ರೆಟಿನೋಯಿಕ್ ಆಸಿಡ್ (ವಿಟಮಿನ್ ಎಯಿಂದ ದೇಹ ಮಾಡಿಕೊಳ್ಳುವ ವಸ್ತು) ಹಾಕಿದರೆ ಬೆಳವಣಿಗೆ ನಿಧಾನ ಆಗುತ್ತದೆ, ಕೆಲವು ಸಾಯುತ್ತವೆ, ಕೆಲವು ಕ್ಯಾರೇ ಅನ್ನಲ್ಲ. ಆದರೆ ಅಲ್ಲಿ ಆಸಿಡ್ಡನ್ನು ನೇರವಾಗಿ ಕೋಶದ ಮೇಲೇ ಸುರಿಯುತ್ತಾರೆ, ಅದೂ ನಮ್ಮ ರಕ್ತದಲ್ಲಿ ಸಹಜವಾಗಿ ಇರುವುದಕ್ಕಿಂತ ಸುಮಾರು ಸಾವಿರ ಪಟ್ಟು ಜಾಸ್ತಿ. ಕ್ಯಾಪ್ಸೂಲಲ್ಲಿ ಇರೋದು ಆ ಆಸಿಡ್ ಅಲ್ಲವೇ ಅಲ್ಲ, ರೆಟಿನೈಲ್ ಪಾಲ್ಮಿಟೇಟ್ ಅಂತ ವಿಟಮಿನ್ ಎಯ ಇನ್ನೊಂದು ರೂಪ. ನುಂಗಿದ್ದರಲ್ಲಿ ಹೆಚ್ಚಿನ ಪಾಲನ್ನು ಲಿವರ್ ತನ್ನ ಸ್ಟೆಲೇಟ್ ಕೋಶಗಳಲ್ಲಿ ಕೂಡಿಡುತ್ತದೆ. ಕೂಡಿಟ್ಟಿದ್ದು ಮಿತಿ ಮೀರಿದರೆ ಕೆಡೋದೂ ಅದೇ ಲಿವರ್!

ಲೆಕ್ಕ ನೋಡಿ. 25,000 ಯೂನಿಟ್ ಅಂದ್ರೆ 7,500 ಮೈಕ್ರೋಗ್ರಾಂ. ದೊಡ್ಡವರು ದಿನಾ ತಗೊಳ್ಳೋದಾದ್ರೆ 3,000 ದಾಟಬಾರದು ಅಂತಾರೆ. ಕೊರತೆ ಇದ್ದವರಿಗೆ ಡಾಕ್ಟರ್ ಇಷ್ಟು ದಿನ ಅಂತ ಬರೆದುಕೊಡೋದು ಬೇರೆ ವಿಷಯ. ಬಸುರಿಯರಿಗಂತೂ ಇಷ್ಟು ಡೋಸ್ ಅಪಾಯ, ಮಗುವಿಗೆ ತೊಂದರೆ ಆಗಬಹುದು.

ಅಮೆರಿಕದಲ್ಲಿ ಕ್ಯಾರೆಟ್ ಅಂತ ಒಂದು ಟ್ರಯಲ್ ಆಗಿತ್ತು (ಹೌದು, ಹೆಸರೇ ಹಾಗೆ). ಸಿಗರೇಟು ಸೇದುವವರಿಗೆ, ಆಸ್‌ಬೆಸ್ಟಾಸ್ ಕೆಲಸದವರಿಗೆ ದಿನಾ ಇದೇ 25,000 ಯೂನಿಟ್, ಜೊತೆಗೆ 30 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗೋದು ಬಿಟ್ಟು 28% ಜಾಸ್ತಿ ಆಯ್ತು. 1996ರಲ್ಲಿ ಮಾತ್ರೆ ನಿಲ್ಲಿಸಿದರು. ನಮ್ಮಪ್ಪನಿಗೆ ಬೀಡಿ ಬೇರೆ ಉಂಟು.

ಬಸಳೆ, ಹರಿವೆ ತಿಂದರೆ ಈ ಭಯ ಇಲ್ಲ, ಸೊಪ್ಪಿನ ಕ್ಯಾರೋಟಿನ್ನನ್ನು ದೇಹ ಬೇಕಾದಷ್ಟೇ ವಿಟಮಿನ್ ಎ ಮಾಡಿಕೊಳ್ಳುತ್ತದೆ.

ಸ್ಟ್ರಿಪ್ ಒಡೆದಿರಲಿಲ್ಲ, ಹಾಗಾಗಿ ಜಗಳ ಇಲ್ಲದೆ ವಾಪಸ್ ತಗೊಂಡ್ರು. ದುಡ್ಡು ಕೊಡಲ್ಲ, ಅಷ್ಟಕ್ಕೆ ಬೇರೆ ಏನಾದ್ರೂ ತಗೊಳ್ಳಿ ಅಂದ್ರು. ಓಆರ್‌ಎಸ್, ಬ್ಯಾಂಡೇಜ್ ತಗೊಂಡು ಬಂದೆ.