ಮಕ್ಕಳ ಕ್ರಾಫ್ಟ್ ಸಾಮಾನಿಗೆ ಮೂರು ಅಂತಸ್ತಿನ ಟ್ರಾಲಿ: ಎಂಟು ತಿಂಗಳ ಬಳಕೆಯ ನಂತರ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ಎರಡೂವರೆ. ಕ್ರೇಯಾನ್, ಸ್ಕೆಚ್ ಪೆನ್, ಅಂಟು, ಕತ್ತರಿ, ಬಣ್ಣದ ಹಾಳೆ, ಉಲ್ಲನ್ ದಾರ, ಮಣಿ, ಚಮಕಿ ಎಂದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತಲೇ ಹೋದ ಸಾಮಾನುಗಳಿಗಾಗಿ ನಾನು ಮೊದಲು ಕೊಂಡದ್ದು ಇಪ್ಪತ್ತನಾಲ್ಕು ಖಾನೆಗಳಿದ್ದ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯನ್ನು. ಅದನ್ನು ಕೈಬಿಟ್ಟ ಮೇಲೆ ತಂದದ್ದು ಗಾಲಿಗಳಿರುವ, ಮೂರು ಅಂತಸ್ತಿನ ಉಕ್ಕಿನ ಟ್ರಾಲಿ. ಎಂಟು ತಿಂಗಳು ದಿನವೂ ಬಳಸಿದ ಮೇಲೆ ಈ ಟ್ರಾಲಿಯ ಬಗ್ಗೆ ಬರೆಯುತ್ತಿದ್ದೇನೆ.

ಹಳೆಯ ಪೆಟ್ಟಿಗೆ ಏಕೆ ಸೋತಿತೆಂಬುದನ್ನು ಮೊದಲು ಹೇಳಬೇಕು. ಒಂದು ಹಸಿರು ಪೆನ್ಸಿಲನ್ನು ಹಿಂದಿರುಗಿಸಲು ಮಗಳು ಪೆಟ್ಟಿಗೆಯನ್ನು ಕೆಳಗಿಳಿಸಿ, ಎರಡು ಕೊಂಡಿಗಳನ್ನು ಬಿಚ್ಚಿ, ಸರಿಯಾದ ಖಾನೆಯನ್ನು ಹುಡುಕಿ, ಪೆನ್ಸಿಲ್ ಇಟ್ಟು, ಮತ್ತೆ ಕೊಂಡಿ ಹಾಕಬೇಕಿತ್ತು. ಏಳು ವರ್ಷದ ಮಗು ಒಮ್ಮೆ ಹಾಗೆ ಮಾಡಬಹುದು, ದಿನಕ್ಕೆ ಹತ್ತು ಬಾರಿ ಮಾಡಲಾರದು. ಎರಡು ವಾರಗಳಲ್ಲಿ ಎಲ್ಲವೂ ನೆಲದ ಮೇಲಿತ್ತು. ಅವಳಿಗೆ ಶಿಸ್ತಿಲ್ಲವೆಂದು ನಾನು ಬೈದದ್ದು ತಪ್ಪಾಗಿತ್ತು. ಕೊರತೆ ಇದ್ದದ್ದು ನಾನು ಮಾಡಿಕೊಟ್ಟ ವ್ಯವಸ್ಥೆಯಲ್ಲಿ. ಆ ಪೆಟ್ಟಿಗೆಯ ಒಂದು ಖಾನೆಯಲ್ಲಿ ಹೊದಿಕೆ ತೆಗೆದಿಟ್ಟ ಬಿಳಿ ರಬ್ಬರು ಕೆಲವು ತಿಂಗಳಲ್ಲಿ ಪ್ಲಾಸ್ಟಿಕ್ಕಿಗೇ ಅಂಟಿ, ತೆಗೆದಾಗ ಅಲ್ಲಿ ಕರಗಿದ ಗುರುತು ಉಳಿದಿತ್ತು. ಇಂಥ ಅನೇಕ ರಬ್ಬರುಗಳು ಪಿವಿಸಿಯಿಂದ ಆಗಿದ್ದು, ಅವನ್ನು ಮೃದುವಾಗಿಡಲು ಬೆರೆಸಿದ ದ್ರವ್ಯ ಮೆಲ್ಲಗೆ ಹೊರಬಂದು ಪಕ್ಕದ ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸುತ್ತದೆ. ಅವುಗಳಿಗೆ ಕಾಗದದ ಹೊದಿಕೆ ಇರುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಹೊದಿಕೆಯನ್ನು ಕಿತ್ತು ಬಿಸಾಡಬಾರದು.

ಟ್ರಾಲಿಯಲ್ಲಿ ಮುಚ್ಚಳವೇ ಇಲ್ಲ. ಅದರ ಅತಿ ದೊಡ್ಡ ಗುಣ ಇದೇ ಎಂದು ನನಗೆ ಅನ್ನಿಸುತ್ತದೆ. ಕೈ ಚಾಚಿದರೆ ವಸ್ತು ಸಿಗುತ್ತದೆ, ಕೈ ಬಿಟ್ಟರೆ ಅದು ತನ್ನ ಜಾಗ ಸೇರುತ್ತದೆ. ಮೇಲಿನ ತಟ್ಟೆ ಮಗಳ ಮೊಣಕೈಯ ಎತ್ತರಕ್ಕಿದೆ. ಅಲ್ಲಿ ಖಾಲಿಯಾದ ನಾಲ್ಕು ಡಬ್ಬಿಗಳನ್ನಿಟ್ಟು, ಬಣ್ಣವಾರು ವಿಂಗಡಿಸದೆ, ಪೆನ್ಸಿಲ್ಲಿಗೊಂದು, ಕ್ರೇಯಾನಿಗೊಂದು, ಕುಂಚಕ್ಕೊಂದು, ಕತ್ತರಿ ಮತ್ತು ಅಂಟಿನ ಕಡ್ಡಿಗೊಂದು ಎಂದು ಹಂಚಿದ್ದೇವೆ. ಪ್ರತಿ ಡಬ್ಬಿಯ ಮೇಲೂ ಒಳಗಿರುವ ವಸ್ತುವಿನ ಚಿತ್ರವನ್ನು ಮಗಳೇ ಬರೆದು ಅಂಟಿಸಿದ್ದಾಳೆ. ಓದಲು ಬಾರದ ತಮ್ಮನೂ ಆ ಚಿತ್ರ ನೋಡಿ ಕ್ರೇಯಾನನ್ನು ಸರಿಯಾದ ಡಬ್ಬಿಗೆ ಹಾಕುತ್ತಾನೆ. ಸ್ಕೆಚ್ ಪೆನ್ನುಗಳನ್ನು ಮಾತ್ರ ನಿಲ್ಲಿಸದೆ ಅಡ್ಡವಾಗಿ ಮಲಗಿಸಿಡುತ್ತೇವೆ, ಏಕೆಂದರೆ ಎರಡೂ ತುದಿಗಳಲ್ಲಿ ಮೊನೆಯಿರುವ ಪೆನ್ನನ್ನು ನಿಲ್ಲಿಸಿಟ್ಟರೆ ಶಾಯಿ ಕೆಳಗಿಳಿದು ಮೇಲಿನ ಮೊನೆ ಒಣಗುತ್ತದೆ.

ನಡುವಿನ ತಟ್ಟೆ ಹಾಳೆಗಳಿಗೆ. ಎ4 ಹಾಳೆಯ ಅಳತೆ 210 × 297 ಮಿ.ಮೀ.; ಅದು ಮೂಲೆ ಮಡಚದಂತೆ ಇಲ್ಲಿ ಮಲಗುತ್ತದೆ. ಅದರ ಎರಡು ಪಟ್ಟಿನ ಎ3 ಹಾಳೆ ಹಿಡಿಸುವುದಿಲ್ಲವಾದ್ದರಿಂದ ಚಿತ್ರಕಲೆಯ ದೊಡ್ಡ ಹಾಳೆಗಳು ಇಂದಿಗೂ ಕಪಾಟಿನ ಹಿಂದೆಯೇ ನಿಂತಿವೆ. ಕೆಳಗಿನ ತಟ್ಟೆಯಲ್ಲಿ ಬಣ್ಣದ ಬಾಟಲಿ, ಬಿಳಿ ಅಂಟು, ಕ್ಲೇ ಡಬ್ಬಿಗಳಿವೆ. ಭಾರವೆಲ್ಲ ತಳದಲ್ಲಿದ್ದರೆ ಚಿಕ್ಕವನು ಮೇಲಿನ ಅಂಚು ಹಿಡಿದು ಎಳೆದರೂ ಟ್ರಾಲಿ ಸುಲಭವಾಗಿ ಮಗುಚುವುದಿಲ್ಲ. ಆದರೆ ಕ್ಲೇಗೆ ಈ ತೆರೆದ ತಟ್ಟೆ ಸಾಲದು; ಗಾಳಿಯಾಡಿದರೆ ಅದು ಗಟ್ಟಿಯಾಗುವುದರಿಂದ ಬಿಗಿ ಮುಚ್ಚಳದ ಡಬ್ಬಿ ಬೇಕೇ ಬೇಕು. ನೀರು ಬಣ್ಣದ ಬಿಲ್ಲೆಗಳ ವಿಷಯದಲ್ಲಿ ಇದಕ್ಕೆ ವಿರುದ್ಧ: ಒದ್ದೆಯಿರುವಾಗಲೇ ಮುಚ್ಚಳ ಹಾಕಿದರೆ ಬೂಷ್ಟು ಬರುತ್ತದೆ, ಆದ್ದರಿಂದ ಅವನ್ನು ತೆರೆದ ತಟ್ಟೆಯಲ್ಲಿ ಒಣಗಿಸುವುದೇ ಒಳ್ಳೆಯದು.

ಮಣಿ, ಗುಂಡಿ ಮತ್ತು ಚಮಕಿಗಳನ್ನು ನಾನು ಟ್ರಾಲಿಯಲ್ಲಿ ಇಟ್ಟಿಲ್ಲ. ಮೂರು ವರ್ಷ ತುಂಬದ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿ.ಮೀ. ವ್ಯಾಸದ ಒಂದು ಪುಟ್ಟ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಇಳಿಯುವ ವಸ್ತು ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದೆಂದು ಲೆಕ್ಕ. ನಮ್ಮ ಕ್ರಾಫ್ಟ್ ಸಾಮಾನಿನಲ್ಲಿ ಅದರೊಳಗೆ ಇಳಿಯುವ ವಸ್ತುಗಳು ಎಷ್ಟಿವೆಯೆಂದು ನೋಡಿದಾಗ ನನಗೆ ಭಯವೇ ಆಯಿತು. ನುಂಗಿದರೆ ಹೊಟ್ಟೆಯೊಳಗೆ ಹಿಗ್ಗುವ ನೀರಿನ ಮಣಿ, ಕರುಳಿನ ಗೋಡೆಯನ್ನು ನಡುವೆ ಸಿಕ್ಕಿಸಿಕೊಂಡು ಒಂದನ್ನೊಂದು ಹಿಡಿಯುವ ಪುಟ್ಟ ಅಯಸ್ಕಾಂತಗಳು ಮತ್ತು ಗುಂಡಿಯಾಕಾರದ ಬ್ಯಾಟರಿಗಳನ್ನು ಮನೆಯಿಂದಲೇ ಹೊರಗಿಟ್ಟೆ. ಉಳಿದವು ತಿರುಪು ಮುಚ್ಚಳದ ಡಬ್ಬಿಯಲ್ಲಿ, ಎತ್ತರದ ಕಪಾಟಿನಲ್ಲಿವೆ. ಮಗಳು ಕೇಳಿದಾಗ, ತಮ್ಮ ಮಲಗಿರುವ ಹೊತ್ತಿನಲ್ಲಿ, ಇಳಿಸಿಕೊಡುತ್ತೇನೆ. ಕತ್ತರಿಯ ಡಬ್ಬಿಯೂ ಆ ಹೊತ್ತಿನ ಹೊರತು ಅಲ್ಲೇ ಇರುತ್ತದೆ.

ಟ್ರಾಲಿಯಲ್ಲಿ ದೋಷಗಳಿಲ್ಲವೆಂದಲ್ಲ. ತಟ್ಟೆಯ ತಳ ಜಾಲರಿಯಾದ್ದರಿಂದ ಪೆನ್ಸಿಲ್ಲಿನ ಮೊನೆ ಸಿಕ್ಕಿಕೊಂಡು ಮುರಿಯುತ್ತಿತ್ತು. ಅಳತೆಗೆ ಕತ್ತರಿಸಿದ ರಟ್ಟು ಹಾಸಿದ ಮೇಲೆ ಆ ತೊಂದರೆ ನಿಂತಿತು. ಗಾಲಿಗಳಿಗೆ ಉಲ್ಲನ್ ದಾರ ಸುತ್ತಿಕೊಳ್ಳುತ್ತದೆ, ತಿಂಗಳಿಗೊಮ್ಮೆ ಬಿಡಿಸಬೇಕು. ಎರಡನೆಯ ತಿಂಗಳಲ್ಲಿ ತಿರುಪುಗಳು ಸಡಿಲಾಗಿ ಟ್ರಾಲಿ ಅಲುಗಾಡತೊಡಗಿದಾಗ ಎಲ್ಲವನ್ನೂ ಮತ್ತೊಮ್ಮೆ ಬಿಗಿಮಾಡಬೇಕಾಯಿತು. ಈ ಮಾತು ಅದರೊಂದಿಗೆ ಬಂದ ಸೂಚನಾ ಹಾಳೆಯಲ್ಲಿ ಇರಬೇಕಿತ್ತು. ಬಿಸಿಲು ಬೀಳುವ ಕಿಟಕಿಯ ಬಳಿ ನಿಲ್ಲಿಸಿದ್ದಾಗ ಮೇಣದ ಕ್ರೇಯಾನುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು, ಅದು ನನ್ನದೇ ಅಜಾಗರೂಕತೆ.

ತಟ್ಟೆಗಳು ತುಂಬಿ ತುಳುಕಿದ ದಿನ ಇದೂ ಹಳೆಯ ಪೆಟ್ಟಿಗೆಯಂತೆಯೇ ಆಗುತ್ತದೆ. ಹೊಸ ಸಾಮಾನು ಬಂದರೆ ಅರ್ಧವನ್ನು ಒಳಗಿಟ್ಟು, ಟ್ರಾಲಿಯಲ್ಲಿದ್ದದ್ದು ಮುಗಿದ ಮೇಲೆ ಹೊರತೆಗೆಯುತ್ತೇವೆ. ಒಂದು ಡಬ್ಬಿ ಕ್ರೇಯಾನ್, ಒಂದು ಚಿತ್ರದ ಪುಸ್ತಕ ಮಾತ್ರ ಇರುವ ಮನೆಗೆ ಟ್ರಾಲಿಯ ಅಗತ್ಯವಿಲ್ಲ, ಚಪ್ಪಲಿಯ ರಟ್ಟಿನ ಪೆಟ್ಟಿಗೆ ಸಾಕು. ಸಾಮಾನು ಅದಕ್ಕಿಂತ ಹೆಚ್ಚಿದ್ದು, ಮಗು ಒಮ್ಮೆ ಊಟದ ಮೇಜಿನ ಬಳಿ, ಒಮ್ಮೆ ಜಗಲಿಯಲ್ಲಿ ಕೂತು ಕೆಲಸ ಮಾಡುವುದಾದರೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ಕೊಳ್ಳಲು ಹೋಗುವಾಗ ಕೈಯಲ್ಲಿ ಒಂದು ಎ4 ಹಾಳೆ ಇರಲಿ. ಅದನ್ನು ತಟ್ಟೆಯೊಳಗೆ ಮಲಗಿಸಿ ನೋಡಿ, ಎರಡು ಗಾಲಿಗಳಿಗಾದರೂ ತಡೆ ಇದೆಯೇ ಎಂದು ಕಾಲಿನಿಂದ ಒತ್ತಿ ಪರೀಕ್ಷಿಸಿ.